ಪದಚರ್ಚೆ: ಐಲೀನ್ ಗ್ರೇ ಬೆಳ್ಳಿ ನಾಣ್ಯದ ಬರಹಕ್ಕೆ ಬೇಕಾದ ಕೆಲವು ಪದಗಳು

ಬಲ್ಲವರಲ್ಲಿ ವಿನಂತಿ.

ಐರ್ಲೆಂಡಿನ ಕೇಂದ್ರ ಬ್ಯಾಂಕು ಪೀಠೋಪಕರಣ, ಮನೆಗಳ ವಿನ್ಯಾಸಕಿ ಐಲೀನ್ ಗ್ರೇ (1878–1976) ಅವರ ಗೌರವಾರ್ಥ 15 ಯೂರೋ ಮುಖಬೆಲೆಯ ಬೆಳ್ಳಿ ನಾಣ್ಯವೊಂದನ್ನು ಹೊರತಂದಿದೆ. ಅದನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿರುವಾಗ ಎದುರಾದ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ನಾಣ್ಯದ ಬಗೆಯನ್ನು ಸೂಚಿಸುವ ಪದ. ‘ಸ್ಮಾರಕ ನಾಣ್ಯ’ ಎಂಬುದು ಪತ್ರಿಕೆಗಳಲ್ಲಿ ನೆಲೆಯೂರಿರುವುದರಿಂದ ಅದನ್ನು ಬದಲಿಸುವ ಅಗತ್ಯವಿಲ್ಲ. ಆದರೆ 1964ರಲ್ಲಿ ನೆಹರೂ ಅವರ ನೆನಪಿಗೆ ಬಂದ ರೂಪಾಯಿಯಂಥ ನಮ್ಮ ಸ್ಮಾರಕ ನಾಣ್ಯಗಳು ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಿದವು. ಈ ಬೆಳ್ಳಿ ನಾಣ್ಯವಾದರೋ ಸಂಗ್ರಾಹಕರಿಗೆಂದೇ ಮಾಡಿದ್ದು, ಕಾನೂನಿನ ಪ್ರಕಾರ ಅದರ ಮುಖಬೆಲೆಗೆ ಮಾನ್ಯತೆಯಿರುವುದೂ ಐರ್ಲೆಂಡಿನೊಳಗೆ ಮಾತ್ರ. ಈ ವ್ಯತ್ಯಾಸವನ್ನು ‘ಸಂಗ್ರಾಹಕರ ನಾಣ್ಯ’ ಎಂದು ಹೇಳಿದರೆ ಸಾಕೆಂದು ನನ್ನ ಎಣಿಕೆ. ಇಂಥ ನಾಣ್ಯಕ್ಕೆ ಹೇಳುವ ‘ಪ್ರೂಫ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿದ್ದರಿಂದ ನಾಣ್ಯದ ಬಯಲು, ಅಂದರೆ ಚಿತ್ರವಿಲ್ಲದ ಭಾಗ, ಕನ್ನಡಿಯಂತೆ ಮಿರುಗುತ್ತದೆ ಎಂದು ಒಮ್ಮೆ ವಿವರಿಸಿದ್ದೇನೆ. (ನಾಣ್ಯ ಅಚ್ಚು ಹಾಕುವ ಜಾಗಕ್ಕೆ ಶಾಸನಗಳಲ್ಲಿರುವ ‘ಕಮ್ಮಟ’ ಎಂಬ ಪದ ನನಗೆ ಬಹಳ ಪ್ರಿಯವಾದುದು. ಈಗ ಅದು ಕಾವ್ಯ ಕಮ್ಮಟ, ಕಥಾ ಕಮ್ಮಟಗಳಿಗೆ ಸಂದುಹೋಗಿರುವುದರಿಂದ ‘ಟಂಕಸಾಲೆ’ಯನ್ನೇ ಬಳಸಿದ್ದೇನೆ.)

ಎರಡನೆಯದು ಗ್ರೇ ಅವರನ್ನು ಪರಿಚಯಿಸುವ ವಿಶೇಷಣ. ‘ಆಧುನಿಕ ವಿನ್ಯಾಸಕಿ’ ಎಂದರೆ ಈ ಕಾಲದವರು ಎಂದಷ್ಟೇ ಆಗುತ್ತದೆ. ‘ನವ್ಯ’ ಎಂದೊಡನೆ ನಮ್ಮ ಓದುಗರಿಗೆ ಅಡಿಗರ ಕಾವ್ಯವೂ 1950ರ ನಂತರದ ಕಥೆ, ಕಾದಂಬರಿಗಳೂ ನೆನಪಾಗುತ್ತವೆ. ಗ್ರೇ ಅವರು ಫ್ರಾನ್ಸಿನ ಕಡಲ ದಂಡೆಯಲ್ಲಿ ಇ-1027 ಎಂಬ ಮನೆಯನ್ನು ಕಟ್ಟಿಸಿದ್ದು 1926 ಮತ್ತು 1929ರ ನಡುವೆ. ಆ ಮನೆಗೆಂದು ರೂಪಿಸಿದ, ಅದೇ ಹೆಸರಿನ ಮೇಜನ್ನು ನೋಡಿದರೆ ಅವರ ಪಂಥ ಯಾವುದೆಂಬುದು ತಿಳಿಯುತ್ತದೆ: ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ದುಂಡನೆಯ ಗಾಜು, ಎತ್ತರವನ್ನು ಬೇಕಾದಲ್ಲಿ ನಿಲ್ಲಿಸಲು ಕಂಬದ ಹಿಂದೆ ಸಣ್ಣ ಸರಪಳಿಗೆ ಕಟ್ಟಿದ ಒಂದು ಕೀಲು. ಅಲಂಕಾರಕ್ಕೆಂದು ಅಲ್ಲಿ ಏನೂ ಇಲ್ಲ, ಬಳಕೆಗೆ ಬೇಕಾದುದೆಲ್ಲ ಇದೆ. ಇಂಥ ಕೆಲಸಕ್ಕೆ ‘ಆಧುನಿಕತಾವಾದಿ’ ಎಂಬುದು ಉದ್ದವಾದರೂ ನಿಖರವಾಗಿದೆ ಎಂದು ನಾನು ತಿಳಿದಿದ್ದೇನೆ. ಆದರೆ ‘ಆಧುನಿಕತಾವಾದಿ ವಿನ್ಯಾಸಕಿಯ ಬೆಳ್ಳಿ ನಾಣ್ಯ’ ಎಂದು ತಲೆಬರಹ ಕೊಟ್ಟರೆ, ನಾಣ್ಯವನ್ನು ವಿನ್ಯಾಸಗೊಳಿಸಿದವರೇ ಅವರು ಎಂಬ ತಪ್ಪು ಅರ್ಥ ಹೊರಡುತ್ತದೆ. ಆದ್ದರಿಂದ ‘ವಿನ್ಯಾಸಕಿಯ ಗೌರವಾರ್ಥ’ ಎಂದೇ ಬರೆಯಬೇಕೆಂಬುದು ನನ್ನ ನಿಲುವು.

ನನ್ನನ್ನು ಹೆಚ್ಚು ಕಾಡಿರುವುದು ಮೂರನೆಯ ಪದ. ಮನೆ ಕಟ್ಟಿಸುವುದಕ್ಕೂ ಮೊದಲು ಗ್ರೇ ಅವರು ಹೆಸರು ಮಾಡಿದ್ದು ಲ್ಯಾಕರ್ ಕೆಲಸದಲ್ಲಿ, ಅಂದರೆ ಮರದ ಸಾಮಾನುಗಳಿಗೆ ಹೊಳಪಿನ ಗಟ್ಟಿ ಲೇಪ ಕೊಡುವ ಕಸುಬಿನಲ್ಲಿ. ಪ್ಯಾರಿಸಿನಲ್ಲಿ ನೆಲೆಸಿದ್ದ ಜಪಾನಿನ ಕುಶಲಕರ್ಮಿ ಸೀಝೊ ಸುಗವಾರ ಅವರಿಂದ ಆ ವಿದ್ಯೆಯನ್ನು ಕಲಿತರು. ಇದನ್ನು ‘ಅರಗಿನ ಕೆಲಸ’ ಎಂದು ಕರೆಯುವುದು ಸುಲಭ, ಆದರೆ ಸರಿಯಲ್ಲ. ನಮ್ಮ ಅರಗು ಮರದ ರೆಂಬೆಗಳ ಮೇಲೆ ಕೀಟಗಳು ಸ್ರವಿಸುವ ಅಂಟು. ಚನ್ನಪಟ್ಟಣದ ಗೊಂಬೆಯವರು ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಆ ಉಜ್ಜುವಿಕೆಯಿಂದ ಹುಟ್ಟಿದ ಕಾವಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಸುಗವಾರ ಅವರು ಕಲಿಸಿದ್ದು ಮರವನ್ನೇ ಕಚ್ಚುಮಾಡಿ ಇಳಿಸಿದ ಸೊನೆಯ ಕೆಲಸ; ಅದನ್ನು ತೆಳುವಾಗಿ ಬಳಿದು, ತೇವದ ಗಾಳಿಯಲ್ಲಿ ಗಟ್ಟಿಯಾಗಲು ಬಿಟ್ಟು, ಉಜ್ಜಿ, ಮತ್ತೆ ಬಳಿಯುತ್ತ ಹೋಗಬೇಕು. ಮೈಗೆ ತಾಗಿದರೆ ಗಂಧೆಯೇಳಿಸುವ ಆ ಸೊನೆಯಿಂದ ಗ್ರೇ ಅವರ ಕೈಗಳೂ ಬಾಧೆಪಟ್ಟಿದ್ದವು. ಅರಗು ಎಂದು ಬರೆದುಬಿಟ್ಟರೆ ಈ ದೀರ್ಘವಾದ, ನೋವಿನ ಕೆಲಸವೆಲ್ಲ ಓದುಗರ ಕಣ್ಣಿಗೆ ಮರೆಯಾಗುತ್ತದೆ.

ಸದ್ಯಕ್ಕೆ ‘ಮರದ ಸೊನೆಯ ಮೆರುಗು’ ಎಂದು ಬಿಡಿಸಿ ಬರೆದಿದ್ದೇನೆ. ಬಡಗಿಗಳು, ಬಣ್ಣಗಾರರು, ಚಿತ್ತಾರದ ಕೆಲಸ ಮಾಡುವವರು ಇದಕ್ಕೆ ಹೊಂದುವ ಬೇರೆ ಮಾತನ್ನು ಬಳಸುವುದನ್ನು ಯಾರಾದರೂ ಕೇಳಿದ್ದರೆ, ಯಾವ ಊರಿನ ಕಡೆ, ಯಾವ ಕಸುಬಿನವರ ಬಾಯಲ್ಲಿ ಕೇಳಿದಿರೆಂಬುದರೊಂದಿಗೆ ದಯವಿಟ್ಟು ತಿಳಿಸಬೇಕು. ಅಂಥ ಮಾತಿಲ್ಲವಾದರೆ ‘ಲ್ಯಾಕರ್’ ಎಂದೇ ಇಟ್ಟುಕೊಳ್ಳುವುದು ವಾಸಿಯೇ ಎಂಬುದನ್ನೂ ಬರೆಯಿರಿ.