ಟಿಆರ್-606 ಲ್ಯಾಪ್‌ಟಾಪ್ ಜೊತೆ ಓಡ್ತಿಲ್ಲ, ಸ್ಟಾರ್ಟ್ ಗುಂಡಿಯೂ ಸತ್ತುಹೋಗಿದೆ. ಸುಟ್ಟುಹಾಕಿದೆನಾ?

ಮಲೆನಾಡ್_ಬೀಟ್:
ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಮನೆ ಅಟ್ಟದಿಂದ ಒಂದು ರೋಲ್ಯಾಂಡ್ ಟಿಆರ್-606 ಡ್ರಮ್ ಮಷಿನ್ ಇಳಿಸಿದ್ದೇನೆ. 80ರ ದಶಕದಲ್ಲಿ ಅವರು ಗಣಪತಿ ಪೆಂಡಾಲ್‌ಗಳಲ್ಲಿ ಆರ್ಕೆಸ್ಟ್ರಾ ನುಡಿಸುತ್ತಿದ್ದರು. ಡ್ರಮ್ಮರ್ ಕೈಕೊಟ್ಟ ದಿನ ಇದೇ ಡ್ರಮ್ಮರ್. ದುಬೈನಿಂದ ಬರುವವರ ಕೈಲಿ ತರಿಸಿದ್ದಂತೆ.

ಸೆಲ್ ಒಳಗೇ ಬಿಟ್ಟಿದ್ದರಿಂದ ಸೋರಿ, ಸ್ಪ್ರಿಂಗ್‌ಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಹತ್ತಿಯಲ್ಲಿ ವಿನೆಗರ್ ಅದ್ದಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಸೆಲ್ ಹಾಕಿದೆ. ಎದ್ದು ಕೂತಿತು! ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ, ಅದು ಬಿಟ್ಟರೆ ಏಳೂ ಸದ್ದು ಸರಿಯಾಗಿ ಬರ್ತಿವೆ.

ಈಗ ಸಮಸ್ಯೆ. ಹಿಂದೆ ಐದು ತೂತಿನ ಸಾಕೆಟ್ ಇದೆ, ಮಿಡಿ (ಸಂಗೀತ ಯಂತ್ರಗಳು ಒಂದಕ್ಕೊಂದು ಅಪ್ಪಣೆ ಕೊಡೋ ಭಾಷೆ) ಅಂದುಕೊಂಡೆ. ಲ್ಯಾಪ್‌ಟಾಪ್‌ಗೆ ಹಾಕೋ ಆಡಿಯೊ ಇಂಟರ್‌ಫೇಸ್ ಡಬ್ಬಿಯ ಮಿಡಿ ಔಟ್‌ನಿಂದ ಕೇಬಲ್ ಎಳೆದು ಚುಚ್ಚಿದೆ, ಪಕ್ಕದ ಸ್ವಿಚ್ ಇನ್‌ಪುಟ್ ಕಡೆ ತಳ್ಳಿದೆ. ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಒತ್ತಿದರೆ ಏನೂ ಇಲ್ಲ. ಸರಿ ಬಿಡು ಅಂತ 606ರ ಸ್ಟಾರ್ಟ್ ಗುಂಡಿ ಒತ್ತಿದರೆ ಅದೂ ಇಲ್ಲ! ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ಸುಟ್ಟುಹೋಯ್ತಾ?

ಬೆಸುಗೆಭಟ್ಟ:
ಸುಟ್ಟಿಲ್ಲ. ಕೇಬಲ್ ಕಿತ್ತು, ಸ್ವಿಚ್ ಔಟ್‌ಪುಟ್ ಕಡೆ ತಳ್ಳಿ, ಸ್ಟಾರ್ಟ್ ಒತ್ತಿ ನೋಡಿ. ಓಡುತ್ತೆ. ಇನ್‌ಪುಟ್ ಕಡೆ ಇದ್ದಾಗ ಅದು ತನ್ನ ಟೆಂಪೊ ಬಿಟ್ಟು ಹೊರಗಿನ ಅಪ್ಪಣೆಗೆ ಕಾಯುತ್ತೆ. ನೀವು ಕೊಟ್ಟ ಅಪ್ಪಣೆ ಅದಕ್ಕೆ ಅರ್ಥವಾಗದ ಭಾಷೆಯಲ್ಲಿತ್ತು, ಅಷ್ಟೇ.

ಆ ಸಾಕೆಟ್ ಮಿಡಿ ಅಲ್ಲ. ಮಿಡಿ ಬಂದದ್ದು 1983ರಲ್ಲಿ. ನಿಮ್ಮ ಪೆಟ್ಟಿಗೆ ಅದಕ್ಕಿಂತ ಮೊದಲಿನ ಕಾಲದ್ದು. ಅದರಲ್ಲಿರೋದು ಡಿನ್ ಸಿಂಕ್. ಎರಡಕ್ಕೂ ಐದು ಪಿನ್ನಿನ ಅದೇ ಪ್ಲಗ್, ಅದಕ್ಕೇ ಈ ಗೊಂದಲ. ನಾನೂ ಮೊದಲ ಸಲ ಇದೇ ಮಾಡಿದ್ದೆ.

ಮಿಡಿಯಲ್ಲಿ ಎಲ್ಲವೂ ಸಂದೇಶ. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ‘ಶುರು ಮಾಡು’, ‘ಈ ಸ್ವರ ನುಡಿಸು’ ಅಂತ ಅಂಕಿ ಹೋಗುತ್ತೆ, ಆ ಕಡೆ ಒಂದು ಚಿಪ್ ಅದನ್ನು ಓದುತ್ತೆ. ಡಿನ್ ಸಿಂಕ್‌ನಲ್ಲಿ ಓದೋಕೆ ಏನೂ ಇಲ್ಲ. 1ನೇ ಪಿನ್‌ನಲ್ಲಿ 5 ವೋಲ್ಟ್ ಬಂದರೆ ಓಡು, ಹೋದರೆ ನಿಲ್ಲು. 3ನೇ ಪಿನ್‌ನಲ್ಲಿ ಗಡಿಯಾರದ ಥರ ಟಿಕ್ ಟಿಕ್. ಒಂದು ಬೀಟಿಗೆ 24 ಟಿಕ್. 2ನೇ ಪಿನ್ ಗ್ರೌಂಡ್. 120 ಟೆಂಪೊ ಅಂದರೆ ಸೆಕೆಂಡಿಗೆ 48 ಟಿಕ್, ಪ್ರತಿ 6 ಟಿಕ್‌ಗೆ 606 ಒಂದು ಹೆಜ್ಜೆ ಮುಂದೆ ಹೋಗುತ್ತೆ. ಎತ್ತಿನ ಗಾಡಿ ಥರ, ಸರಳ.

ಮಿಡಿ ಔಟ್‌ನಲ್ಲಿ ಕರೆಂಟ್ ತಡೆಯೋ ರೆಸಿಸ್ಟರ್ ಇರುತ್ತೆ, ಹಾಗಾಗಿ ತಪ್ಪಾಗಿ ಚುಚ್ಚಿದ್ದಕ್ಕೆ ಸಾಮಾನ್ಯವಾಗಿ ಏನೂ ಹಾಳಾಗಲ್ಲ. ಮಿಡಿ ಕ್ಲಾಕನ್ನು ಡಿನ್ ಸಿಂಕ್‌ಗೆ ಬದಲಿಸೋ ಚಿಕ್ಕ ಕನ್ವರ್ಟರ್ ಡಬ್ಬಿ ಸಿಗುತ್ತೆ. ಅದೊಂದು ತಗೊಳ್ಳಿ.

ಗೋಡಂಬಿ:
ಇಷ್ಟೆಲ್ಲ ಯಾಕೆ ಗುರೂ? 606ರ ಏಳು ಸದ್ದು ರೆಕಾರ್ಡ್ ಮಾಡಿಕೊಂಡು ಲ್ಯಾಪ್‌ಟಾಪ್‌ನಲ್ಲೇ ನುಡಿಸು. ಯಾರಿಗೂ ಗೊತ್ತಾಗಲ್ಲ.

ಮಲೆನಾಡ್_ಬೀಟ್:
ನಂಗೆ ಗೊತ್ತಾಗುತ್ತಲ್ವಾ.

ಸ್ಟಾರ್ಟ್ ಓಡ್ತು ಭಟ್ರೇ! ಉಸಿರು ಬಂತು. ಡಬ್ಬಿ ಆರ್ಡರ್ ಮಾಡಿದೀನಿ.

ರಾತ್ರಿಪಾಳಿ:
ಡಬ್ಬಿ ಬರೋವರೆಗೆ ಒಂದು ಕಥೆ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್‌ನವೇ ಆದ ಜುಪಿಟರ್-8 ಸಿಂಥಸೈಜರ್, ಟಿಬಿ-303, ಟಿಆರ್-808 ಡ್ರಮ್ ಮಷಿನ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಮಿಡಿ ಇನ್ನೂ ಹುಟ್ಟಿರಲಿಲ್ಲ. 303 ಮತ್ತು 808 ಎರಡರಲ್ಲೂ ಇರೋದು ನಿಮ್ಮ 606ರಲ್ಲಿರೋ ಇದೇ ಸಾಕೆಟ್. 303 ಅಂತೂ 606ರ ಜೋಡಿ: ಅದು ಬಾಸ್, ಇದು ಡ್ರಮ್ಸ್, ಒಂಟಿ ಗಿಟಾರ್‌ನವನಿಗೆ ಜೊತೆ ಇರಲಿ ಅಂತ ಮಾಡಿದ್ದು. ಆ ಕೆಲಸಕ್ಕೆ ಯಾರೂ ಮೂಸಿ ನೋಡಲಿಲ್ಲ, 1984ರ ಹೊತ್ತಿಗೆ ನಿಲ್ಲಿಸಿಯೂಬಿಟ್ಟರು. ಆಮೇಲೆ ಶಿಕಾಗೊದ ಫ್ಯೂಚರ್ ತಂಡದ ಹುಡುಗರು ಅಗ್ಗಕ್ಕೆ ಸಿಕ್ಕ 303ರ ತಿರುಪುಗಳನ್ನು ತಿರುಗಿಸುತ್ತಾ ಕೂತರು. ಹುಟ್ಟಿದ ಕುಣಿತದ ಸಂಗೀತಕ್ಕೆ 1987ರಲ್ಲಿ ಆಸಿಡ್ ಹೌಸ್ ಅನ್ನೋ ಹೆಸರು ಅಂಟಿತು. ನಮ್ಮವರು ಐದು ವರ್ಷ ಮುಂದೆ!

ಬೆಸುಗೆಭಟ್ಟ:
ಕಥೆ ಸರಿ, ‘ನಮ್ಮವರೇ ಕಂಡುಹಿಡಿದರು’ ಅನ್ನೋದು ಬೇಡ ಮಾರಾಯ್ರೆ. ಸಿಂಗ್ ರೆಕಾರ್ಡ್ ಹೆಚ್ಚು ಜನಕ್ಕೆ ತಲುಪಿದ್ದೇ 2010ರಲ್ಲಿ ಮತ್ತೆ ಅಚ್ಚಾದ ಮೇಲೆ. ಅವರು ತಿರುಪು ಹಿಂಡಿದ್ದು ರಾಗದ ಮೀಂಡ್ (ಸ್ವರ ಜಾರಿಸೋದು) ಹಿಡಿಯೋಕೆ, ಆ ಹುಡುಗರು ಹಿಂಡಿದ್ದು ಕುಣಿಸೋಕೆ. ಒಂದೇ ಪೆಟ್ಟಿಗೆ, ಎರಡು ದಾರಿ. 303ರಲ್ಲಿ ಸ್ವರದಿಂದ ಸ್ವರಕ್ಕೆ ಜಾರೋ ‘ಸ್ಲೈಡ್’ ಇಲ್ಲದಿದ್ದರೆ ಇಬ್ಬರಿಗೂ ಅದು ಬೇಡವಾಗುತ್ತಿತ್ತು.

ಮಲೆನಾಡ್_ಬೀಟ್:
ಡಬ್ಬಿ ಬಂತು. ಮಿಡಿ ಇನ್, ಡಿನ್ ಔಟ್, ಮಧ್ಯ 24/48 ಅಂತ ಚಿಕ್ಕ ಸ್ವಿಚ್. ಪ್ಲೇ ಒತ್ತಿದರೆ ಡಬ್ಬಿಯ ದೀಪ ಮಿನುಗುತ್ತೆ. 606 ಮಾತ್ರ ಕಲ್ಲು. ನಿಮ್ಮನ್ನು ನಂಬಿ ದುಡ್ಡು ಹಾಕಿದೆ ಭಟ್ರೇ...

ಬೆಸುಗೆಭಟ್ಟ:
ದೀಪ ಮಿನುಗುತ್ತೆ ಅಂದರೆ ಕ್ಲಾಕ್ ಡಬ್ಬಿವರೆಗೆ ಬಂದಿದೆ. ತೊಂದರೆ ಅದರ ಮುಂದೆ. ಡಬ್ಬಿಯಿಂದ 606ಕ್ಕೆ ಯಾವ ಕೇಬಲ್ ಹಾಕಿದೀರಿ?

ಮಲೆನಾಡ್_ಬೀಟ್:
ಮೊದಲಿನ ಮಿಡಿ ಕೇಬಲ್ಲೇ. ಅದೇ ಐದು ಪಿನ್ ಅಲ್ವಾ?

ಬೆಸುಗೆಭಟ್ಟ:
ಸಿಕ್ಕಿತು ಕಳ್ಳ. ಪಿನ್ ಐದು, ಒಳಗೆ ತಂತಿ ಎಷ್ಟು? ಮಿಡಿಗೆ 4 ಮತ್ತು 5ನೇ ಪಿನ್ ಸಾಕು, ಜೊತೆಗೆ 2ನೇದಕ್ಕೆ ಶೀಲ್ಡ್. ಹಾಗಾಗಿ ಎಷ್ಟೋ ಮಿಡಿ ಕೇಬಲ್‌ಗಳಲ್ಲಿ 1 ಮತ್ತು 3ಕ್ಕೆ ತಂತಿಯೇ ಇರೋದಿಲ್ಲ. ಡಿನ್ ಸಿಂಕ್‌ಗೆ ಬೇಕಾದ್ದು ಅವೇ ಎರಡು! ನಿಮ್ಮ ಕೇಬಲ್‌ನಲ್ಲಿ ಗ್ರೌಂಡ್ ಬಿಟ್ಟು ಬೇರೇನೂ ದಾಟುತ್ತಿಲ್ಲ.

ಮಲ್ಟಿಮೀಟರ್ ಬೀಪ್‌ಗೆ ಇಟ್ಟು ನೋಡಿ. ಒಂದು ಎಚ್ಚರ: ಪಿನ್‌ಗಳು 1, 2, 3, 4, 5 ಅಂತ ಸಾಲಾಗಿಲ್ಲ. ಕಮಾನಿನ ಈ ತುದಿಯಿಂದ ಆ ತುದಿಗೆ 1, 4, 2, 5, 3. ಅಂದರೆ ನಿಮಗೆ ಬೇಕಾದ್ದು ಎರಡು ತುದಿಯವು, ಮತ್ತೆ ನಟ್ಟ ನಡುವಿನದು.

ಮಲೆನಾಡ್_ಬೀಟ್:
ನಡುವಿನದು ಬೀಪ್, ಅದರ ಎಡಬಲದವು ಬೀಪ್. ತುದಿಯ ಎರಡೂ ಮೌನ. 🙏

ಭಾನುವಾರ ಬೆಂಗಳೂರಿಗೆ ಹೋಗೋದಿತ್ತು, ಎಸ್‌ಪಿ ರೋಡ್ ಬಾಗಿಲು ಹಾಕಿತ್ತು. ಸೋಮವಾರ ರಜೆ ಹಾಕಿ ಎರಡು ಪ್ಲಗ್, ಎರಡು ಮೀಟರ್ ವೈರ್ ತಂದೆ. ಅಂಗಡಿಯವರಿಗೆ ಡಿನ್ ಪ್ಲಗ್ ಅಂದರೆ ಅರ್ಥವಾಗಲಿಲ್ಲ. ಫೋನ್‌ನಲ್ಲಿ ಫೋಟೋ ತೋರಿಸಿದ್ದಕ್ಕೆ, ‘ಓ, ಹಳೇ ಟೇಪ್ ರೆಕಾರ್ಡರ್‌ದು’ ಅಂತ ಒಳಗಿಂದ ಧೂಳಿನ ಡಬ್ಬ ತಂದರು. ಬೆಸುಗೆ ಹಾಕಿದೆ. ಮೂರೂ ತಂತಿ ಬೀಪ್. ಆದರೂ 606 ಒಂದು ಹೆಜ್ಜೆ ಇಡ್ತಿಲ್ಲ. ನನ್ನ ಹಣೆಬರಹ.

ರಾತ್ರಿಪಾಳಿ:
ಬೀಪ್ ಯಾವುದರಿಂದ ಯಾವುದಕ್ಕೆ? ಒಂದು ಪ್ಲಗ್‌ನ 1 ಇನ್ನೊಂದರ 1ಕ್ಕೇ ಹೋಗಿದೆಯಾ? ಬೆಸುಗೆ ಹಾಕುವಾಗ ನಾವು ಪ್ಲಗ್‌ನ ಬೆನ್ನು ನೋಡ್ತಿರ್ತೀವಿ, ಚಿತ್ರದಲ್ಲಿ ಇರೋದು ಮುಖ. ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲು. ಹಾಗಾಗಿದ್ದರೆ ಓಡು-ನಿಲ್ಲು ತಂತಿಗೆ ಟಿಕ್ ಟಿಕ್ ಹೋಗ್ತಿರುತ್ತೆ, ಟಿಕ್ ತಂತಿಗೆ ಸುಮ್ನೆ 5 ವೋಲ್ಟ್ ನಿಂತಿರುತ್ತೆ. ಪಾಪ ಅದು ಹೇಗೆ ಓಡೀತು? ಪಿನ್ ಬುಡದಲ್ಲಿ ಚಿಕ್ಕ ಅಂಕಿ ಅಚ್ಚಾಗಿರುತ್ತೆ ಕೆಲವದರಲ್ಲಿ. ಟಾರ್ಚ್ ಬಿಟ್ಟು ನೋಡಿ.

ಮಲೆನಾಡ್_ಬೀಟ್:
ಅದೇ! ಒಂದು ತುದಿ ಬೆನ್ನು ನೋಡಿ, ಇನ್ನೊಂದು ತುದಿ ಮುಖ ನೋಡಿ ಹಾಕಿದ್ದೆ. ಬಿಚ್ಚಿ ಬದಲಿಸಿದೆ. ಓಡ್ತು!! ಆದರೆ ಹುಚ್ಚು ಹಿಡಿದ ಹಾಗೆ. ಲ್ಯಾಪ್‌ಟಾಪ್ ಒಂದು ಸುತ್ತು ಮುಗಿಸೋಷ್ಟರಲ್ಲಿ ಇದು ಎರಡು ಸುತ್ತು.

ಬೆಸುಗೆಭಟ್ಟ:
ಡಬ್ಬಿ ಸ್ವಿಚ್ 48ರಲ್ಲಿದೆ. ಅದು ಆ ಕಾಲದ ಕೋರ್ಗ್ ಯಂತ್ರಗಳ ಲೆಕ್ಕ, ಬೀಟಿಗೆ 48 ಟಿಕ್. ರೋಲ್ಯಾಂಡ್‌ಗೆ 24. ಒಬ್ಬೊಬ್ಬರದ್ದು ಒಂದೊಂದು ಲೆಕ್ಕ ಇದ್ದದ್ದಕ್ಕೇ ಎಲ್ಲರೂ ಕೂತು ಮಿಡಿ ಮಾಡಿಕೊಂಡದ್ದು. ರೋಲ್ಯಾಂಡ್‌ನ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್‌ಗೆ ಆ ಕೆಲಸಕ್ಕಾಗಿಯೇ 2013ರಲ್ಲಿ ಗ್ರಾಮಿಯವರು ಗೌರವ ಕೊಟ್ಟರು.

ಮಲೆನಾಡ್_ಬೀಟ್:
24ಕ್ಕೆ ತಳ್ಳಿದೆ, ಸರಿಹೋಯ್ತು. ಇನ್ನೊಂದೇ ಒಂದು. ಲ್ಯಾಪ್‌ಟಾಪ್‌ನ ಕಿಕ್ (ಬೇಸ್ ಡ್ರಮ್) ಮತ್ತು 606ರ ಕಿಕ್ ಒಟ್ಟಿಗೆ ಬೀಳ್ತಿಲ್ಲ. ‘ಧಕ್’ ಅನ್ನೋ ಬದಲು ‘ಧಧಕ್’.

ಬೆಸುಗೆಭಟ್ಟ:
ಅದು ಲ್ಯಾಪ್‌ಟಾಪ್‌ನ ಆಡಿಯೊ ಬಫರ್ ತಡ, ಅಂದರೆ ಸದ್ದನ್ನು ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಹೊರಬಿಡುತ್ತೆ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ, ಮಿಡಿ ಕ್ಲಾಕ್ ಕಳಿಸೋ ಪೋರ್ಟ್ ಪಕ್ಕ ಸಿಂಕ್ ಡಿಲೇ ಅಂತ ಇರುತ್ತೆ. ಎರಡೂ ಕಿಕ್ ಒಟ್ಟಿಗೆ ಬಿಟ್ಟು, ಒಂದೊಂದೇ ಮಿಲಿಸೆಕೆಂಡ್ ಸರಿಸ್ತಾ ಹೋಗಿ. ಒಂದು ಜಾಗದಲ್ಲಿ ಎರಡೂ ಸೇರಿ ಎದೆಗೆ ಬಡಿಯುತ್ತೆ, ಅದೇ ಜಾಗ. ಆಮೇಲೆ ಬಫರ್ ಸೈಜ್ ಮುಟ್ಟಬೇಡಿ. ವಾಲ್ಯೂಮ್‌ನ ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂಚೂರು ಬಿಟ್ಟು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ.

ಗೋಡಂಬಿ:
ಒಪ್ಪಿದೆ, ಚೆನ್ನಾಗಿ ಕೇಳ್ತಿದೆ ನೀನು ಹಾಕಿದ ಕ್ಲಿಪ್. ಅಂದಹಾಗೆ ಚಿಕ್ಕಪ್ಪನ ಹಳೇ ಪ್ಯಾಟರ್ನ್ ಏನಾದ್ರೂ ಒಳಗೆ ಇದ್ವಾ?

ಮಲೆನಾಡ್_ಬೀಟ್:
ಎಲ್ಲಿಂದ? ನೆನಪು ಉಳಿಸೋದೇ ಸೆಲ್ಲು, ಅದು ಯಾವತ್ತೋ ಸತ್ತಿತ್ತು. ಆದರೆ ನಿನ್ನೆ ಚಿಕ್ಕಪ್ಪನಿಗೆ ಕೇಳಿಸಿದೆ. ಏನೂ ಮಾತಾಡದೆ ಎದ್ದು ಹೋಗಿ ಟ್ರಂಕ್‌ನಿಂದ ಒಂದು ನೂರು ಪುಟದ ನೋಟ್‌ಬುಕ್ ತಂದರು. ಪುಟ ಪೂರ್ತಿ ಸ್ಕೇಲ್‌ನಲ್ಲಿ ಗೆರೆ ಹಾಕಿ ಹೆಜ್ಜೆಗೊಂದರಂತೆ ಹದಿನಾರು ಹದಿನಾರು ಮನೆ, ಚೌಕಾಬಾರದ ಥರ. ಎಡಕ್ಕೆ ‘ಬೇ’, ‘ಸ್ನೇ’, ‘ಹೈ’ (ಬೇಸ್ ಡ್ರಮ್, ಸ್ನೇರ್, ಹೈ-ಹ್ಯಾಟ್) ಅಂತ ಬರೆದು ಪೆನ್ಸಿಲ್‌ನಲ್ಲಿ ಚುಕ್ಕೆ. ಸೆಲ್ ಬದಲಿಸಿದಾಗೆಲ್ಲ ಅಳಿಸಿಹೋಗುತ್ತೆ ಅಂತ ಬರೆದಿಟ್ಟುಕೊಂಡದ್ದಂತೆ. ಮೇಲೆ ಹೆಸರೂ ಇವೆ: ‘ಭಕ್ತಿಗೀತೆ ನಿಧಾನ’, ‘ಡಿಸ್ಕೊ’, ‘ಕರೆಂಟ್ ಹೋದರೆ’.

ಈ ಕೊನೆಯದನ್ನು ತುಂಬಿಸ್ತಿದ್ದೆ. ಹದಿಮೂರನೇ ಮನೆಯಲ್ಲಿ ಟೀ ಕಲೆ ಬಿದ್ದು ಚುಕ್ಕೆ ಸ್ನೇರ್ ಸಾಲಿನದೋ ಹೈ-ಹ್ಯಾಟ್‌ದೋ ಕಾಣ್ತಿಲ್ಲ. ಚಿಕ್ಕಪ್ಪನಿಗೂ ನೆನಪಿಲ್ಲ. ಫೋಟೋ ಹಾಕಿದೀನಿ, ಯಾರಿಗಾದ್ರೂ ಅಂದಾಜು ಸಿಗುತ್ತಾ?

ರಾತ್ರಿಪಾಳಿ:
5ನೇ ಮನೆಯಲ್ಲಿ (ಎರಡನೇ ಬೀಟ್) ಸ್ನೇರ್ ಇದೆ ಅಲ್ವಾ, ಹಾಗಾದ್ರೆ 13ರಲ್ಲೂ (ನಾಲ್ಕನೇ ಬೀಟ್) ಸ್ನೇರ್. ಹಾಕಿ ನೋಡಿ, ಚಿಕ್ಕಪ್ಪ ತಲೆ ಆಡಿಸಿದರೆ ಸರಿ.