ಬೋರ್ನಿಯೊದ ಗುಹೆಯಲ್ಲಿ ಸಿಕ್ಕ ಕಾಲು: ಚಿಕಿತ್ಸೆಯೋ, ಅಪಘಾತವೋ?

ಬೆಟ್ಟದಹೂ:
ಇಂಡೋನೇಷ್ಯಾದ ಬೋರ್ನಿಯೊದಲ್ಲಿ ಲಿಯಾಂಗ್ ತೆಬೊ ಅನ್ನುವ ಸುಣ್ಣಕಲ್ಲಿನ ಗುಹೆ ಇದೆ. 2020ರಲ್ಲಿ ಅಲ್ಲಿ ಅಗೆದಾಗ ಸುಮಾರು 31,000 ವರ್ಷ ಹಳೆಯ ಅಸ್ಥಿಪಂಜರ ಸಿಕ್ಕಿತು. ಎಡಗಾಲಿನ ಪಾದ ಇಲ್ಲ, ಅದರ ಮೇಲಿನ ಎರಡು ಮೂಳೆಗಳ ತುದಿಯೂ ಇಲ್ಲ. ಚಿಕ್ಕ ವಯಸ್ಸಲ್ಲೇ ಕಾಲು ಕತ್ತರಿಸಿದ್ದಾರೆ, ಆಮೇಲೆ 6ರಿಂದ 9 ವರ್ಷ ಆ ಜೀವ ಬದುಕಿದೆ ಅಂತ 2022ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಹೀಗೆ ಅಂಗ ಕತ್ತರಿಸಿದ್ದಕ್ಕೆ ಅದಕ್ಕೂ ಮುಂಚೆ ಗೊತ್ತಿದ್ದ ಅತಿ ಹಳೆಯ ಸಾಕ್ಷಿ ಫ್ರಾನ್ಸಿನಲ್ಲಿ ಸಿಕ್ಕ, ಕೈ ಕತ್ತರಿಸಿದ್ದ ಅಸ್ಥಿಪಂಜರ, ಸುಮಾರು 7,000 ವರ್ಷದ್ದು. ಆದಿಮಾನವರಿಗೆ ಚಿಕಿತ್ಸೆ ಗೊತ್ತಿರಲಿಲ್ಲ ಅಂತ ಇನ್ನೂ ಹೇಳುತ್ತೀರಾ?

ಹೊಳೆದಂಡೆ:
ಅಷ್ಟು ಬೇಗ ಆಪರೇಷನ್ ಅನ್ನಬೇಡಿ. ಮೊಸಳೆ ಕಚ್ಚಿರಬಹುದು, ಬಂಡೆ ಉರುಳಿರಬಹುದು.

ಬೆಟ್ಟದಹೂ:
ಹಾಗಾಗಿದ್ದರೆ ಮೂಳೆ ಜಜ್ಜಿ ಚೂರಾಗಿರಬೇಕಿತ್ತು. ಇಲ್ಲಿ ಎರಡೂ ಮೂಳೆ ಓರೆಯಾಗಿ, ನೀಟಾಗಿ ತುಂಡಾಗಿವೆ. ಕೀವು ತುಂಬಿದ ಗುರುತೂ ಇಲ್ಲ.

ಹೊಳೆದಂಡೆ:
ಸರಿ, ಕತ್ತರಿಸಿದ್ದೇ ಇರಲಿ. ಶಿಕ್ಷೆಗೆ ಕತ್ತರಿಸಿರಬಹುದು ಅಲ್ವಾ?

ಬೆಟ್ಟದಹೂ:
ಶಿಕ್ಷೆ ಕೊಟ್ಟವರು ಆಮೇಲೆ ವರ್ಷಗಟ್ಟಲೆ ಸಾಕುತ್ತಾರಾ? ಸತ್ತಾಗ ಸಮಾಧಿ ಮಾಡಿ, ಮೇಲೆ ಗುರುತಿಗೆ ಕಲ್ಲು ಇಟ್ಟಿದ್ದಾರೆ.

ವಾರ್ಡ್‌ಅಕ್ಕ:
ನಾನು ಇಪ್ಪತ್ತು ವರ್ಷದಿಂದ ನರ್ಸ್. ನೀವಿಬ್ಬರೂ ಕತ್ತರಿಸಿದ ದಿನದ ಬಗ್ಗೆಯೇ ಮಾತಾಡ್ತಾ ಇದ್ದೀರಿ. ಕಷ್ಟ ಶುರುವಾಗುವುದು ಮಾರನೇ ದಿನದಿಂದ. ನಮ್ಮ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಗೆ ಕಾಲು ತೆಗೆದ ಅಜ್ಜ ಒಬ್ಬರಿದ್ದರು. ಡ್ರೆಸ್ಸಿಂಗ್ ಬಿಚ್ಚುವಾಗ ಬಟ್ಟೆ ಗಾಯಕ್ಕೆ ಅಂಟಿಕೊಂಡಿರುತ್ತಿತ್ತು. ಉಗುರುಬೆಚ್ಚಗಿನ ಸಲೈನ್ ಹನಿಸುತ್ತಾ ಎಳೆ ಎಳೆಯಾಗಿ ಬಿಡಿಸಬೇಕು. ಅವರ ಮಗಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು. ಆಂಟಿಬಯೋಟಿಕ್ ಇದ್ದೂ ಇಷ್ಟು. ಬೋರ್ನಿಯೊದ ಶೆಕೆಯಲ್ಲಿ ನೊಣ ಕೂರದಂತೆ ಆ ಗಾಯ ಕಾದವರು ಯಾರು? ನನಗೆ ಚಾಕು ಹಿಡಿದವರಿಗಿಂತ ಅವರೇ ದೊಡ್ಡವರು.

ಹೊಳೆದಂಡೆ:
ಅಕ್ಕ, ಇದನ್ನು ನಾನು ಯೋಚಿಸಿರಲಿಲ್ಲ. ಆರೈಕೆ ಒಪ್ಪಿದೆ. ಆದರೆ ಕಾಡಿನ ಗಿಡಮೂಲಿಕೆ ಹಚ್ಚಿ ಕೀವು ತಡೆದರು ಅಂತ ಕೆಲವರು ಬರೆಯುತ್ತಿದ್ದಾರೆ. ಅದಕ್ಕೆ ಮೂಳೆಯಲ್ಲಿ ಸಾಕ್ಷಿ ಎಲ್ಲಿದೆ? ಸುಮ್ನೆ ಊಹೆ.

ಕಲ್ಲುಹಾಸು:
ಅದು ಊಹೆಯೇ, ನಿಜ. ಆರೈಕೆಗೆ ಮಾತ್ರ ಇನ್ನೂ ಹಳೆಯ ಸಾಕ್ಷಿ ಇದೆ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ (ಈಗ ಅಳಿದುಹೋಗಿರುವ ಇನ್ನೊಂದು ಮಾನವ ಜಾತಿ) ಒಬ್ಬನ ಅಸ್ಥಿಪಂಜರ ನೋಡಿ. ಬಲಗೈ ಸೊರಗಿ ಮೊಣಕೈ ಹತ್ತಿರವೇ ನಿಂತಿದೆ. ಎಡಗಣ್ಣಿನ ಸುತ್ತಿನ ಮೂಳೆ ಒಡೆದು ಕೂಡಿಕೊಂಡಿದೆ. ಕಿವಿಯೊಳಗೆ ಮೂಳೆ ಬೆಳೆದು ಕೇಳಿಸುವುದೂ ಕಷ್ಟವಾಗಿತ್ತು. ಆದರೂ ನಲವತ್ತರ ಆಸುಪಾಸಿನವರೆಗೆ ಬದುಕಿದ್ದ. ಅವರಲ್ಲಿ ಅದು ಜಾಸ್ತಿ ವಯಸ್ಸೇ.

ಹೊಳೆದಂಡೆ:
ಅವನೇ ಗಟ್ಟಿಮುಟ್ಟಾಗಿ ಬದುಕಿಕೊಂಡಿರಬಹುದಲ್ಲ?

ವಾರ್ಡ್‌ಅಕ್ಕ:
ಒಂದು ಕೈ, ಒಂದು ಕಣ್ಣು, ಕಿವಿ ಮಂದ. ಹಿಂದೆ ಚಿರತೆ ಬಂದರೂ ಗೊತ್ತಾಗಲ್ಲ. ಯಾರೋ ಭುಜ ಮುಟ್ಟಿ ಎಚ್ಚರಿಸಿರಲೇಬೇಕು, ಅದೂ ದಿನದಿನವೂ.

ಬೆಟ್ಟದಹೂ:
ಶೀರ್ಷಿಕೆಯಲ್ಲಿ 'ಚಿಕಿತ್ಸೆಯೋ' ಅಂತ ಹಾಕಿದ್ದೆ. 'ಆರೈಕೆ' ಅಂತ ಹಾಕಬೇಕಿತ್ತು. ಅಕ್ಕ, ಆ ಅಜ್ಜ ಈಗ ಹೇಗಿದ್ದಾರೆ?

ವಾರ್ಡ್‌ಅಕ್ಕ:
ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತಾರಂತೆ. ಮಗಳು ಹೋದ ತಿಂಗಳು ಫೋನ್ ಮಾಡಿದ್ದಳು.