ಜ್ವರ ಇಳಿದ ಮೇಲೂ ಕಾಲಿನ ಮೇಲೆ ಕಣ್ಣಿರಲಿ: ಪುಣೆ, ಮುಂಬಯಿ, ಗೋವಾದ ಅನುಭವಗಳು

ಕೇಳಿದವರು, ಚಿಂಚವಡ:

ನಮ್ಮ ತಂದೆಯವರಿಗೆ 71 ವರ್ಷ. ಎಚ್‌1ಎನ್‌1 ಎಂಬ ಫ್ಲೂ ಜ್ವರ ನ್ಯುಮೋನಿಯಕ್ಕೆ ತಿರುಗಿದ್ದರಿಂದ ಐದು ದಿನಗಳಿಂದ ಆಸ್ಪತ್ರೆಯಲ್ಲಿದ್ದಾರೆ, ಆಮ್ಲಜನಕ ಇನ್ನೂ ನಡೆದಿದೆ. ದಿನವೂ ಸಂಜೆ ಹೊಟ್ಟೆಗೆ ಒಂದು ಚುಚ್ಚುಮದ್ದು ಕೊಡುತ್ತಾರೆ. ಏನೆಂದು ಕೇಳಿದರೆ ಸಿಸ್ಟರ್ ‘ರಕ್ತ ಪಾತಳ್ ಕರಣ್ಯಾಚ ಇಂಜೆಕ್ಷನ್’ (ರಕ್ತ ತೆಳುವಾಗಿಸುವ ಚುಚ್ಚುಮದ್ದು) ಎಂದು ಮರಾಠಿಯಲ್ಲಿ ಅಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು. ರಕ್ತ ತೆಳುವಾದರೆ ಒಳಗೆ ರಕ್ತಸ್ರಾವವಾಗುತ್ತದೆ, ಬೇಡವೆನ್ನಿ ಎಂದು ಸೊಲ್ಲಾಪುರದಿಂದ ಬಂದಿರುವ ಚಿಕ್ಕಪ್ಪನವರು ಒತ್ತಾಯಿಸುತ್ತಿದ್ದಾರೆ. ರಕ್ತದಲ್ಲಿ ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ಪರೀಕ್ಷೆಯಲ್ಲಿ 1,450 ಬಂದಿದೆ. ಜ್ವರಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಏನು ಸಂಬಂಧ? ಮನೆಗೆ ಕರೆತಂದ ಮೇಲೆ ಏನನ್ನು ಗಮನಿಸಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕೋಥ್ರೂಡಿನಿಂದ:

ತಂಗೀ, ಆ ಚುಚ್ಚುಮದ್ದನ್ನು ಮನೆಯವರ ಮಾತಿನ ಮೇಲೆ ನಿಲ್ಲಿಸಬೇಡಿ. ಸಂಶಯವಿದ್ದರೆ ವೈದ್ಯರನ್ನೇ ಕೇಳಿ. ಚಿಕ್ಕಪ್ಪನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನಮ್ಮ ಮನೆಯಲ್ಲಿ ನಡೆದದ್ದೇ ಕಾರಣ.

2021ರ ಏಪ್ರಿಲ್‌ನಲ್ಲಿ ನಮ್ಮ ಯಜಮಾನರು ಕೋವಿಡ್‌ನಿಂದ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿರುವಷ್ಟು ದಿನವೂ ಅವರಿಗೆ ಇದೇ ಚುಚ್ಚುಮದ್ದು ಕೊಟ್ಟರು. ಮನೆಗೆ ಕಳುಹಿಸುವಾಗ ಕೈಗಿತ್ತ ಕಾಗದದಲ್ಲಿ ಮಾತ್ರೆಗಳ ಪಟ್ಟಿಯಿತ್ತೇ ಹೊರತು ರಕ್ತ ಹೆಪ್ಪುಗಟ್ಟುವ ಸಂಗತಿ ಒಂದು ಸಾಲೂ ಇರಲಿಲ್ಲ, ಯಾರೂ ಬಾಯಿಮಾತಿನಲ್ಲೂ ಹೇಳಲಿಲ್ಲ. ಜ್ವರ ಬಿಟ್ಟಿತು, ಆಮ್ಲಜನಕದ ಮಟ್ಟ 96 ತೋರಿಸುತ್ತಿತ್ತು, ಕಂಟಕ ಕಳೆಯಿತೆಂದು ನಾವು ದೇವರಿಗೆ ದೀಪ ಹಚ್ಚಿದ್ದೆವು. ಹತ್ತನೆಯ ದಿನ ಬಲಗಾಲಿನ ಮೀನಖಂಡ ಸೆಳೆಯುತ್ತದೆ ಎಂದರು. ಮಲಗಿ ಮಲಗಿ ಹಿಡಿದುಕೊಂಡಿರಬೇಕೆಂದು ನಾನೇ ಎಳ್ಳೆಣ್ಣೆ ಬಿಸಿಮಾಡಿ ನೀವಿದೆ. ಹಾಗೆ ಮಾಡಬಾರದಿತ್ತೆಂದು, ಒಳಗೆ ಹೆಪ್ಪು ಇದ್ದರೆ ನೀವುವಾಗ ಅದು ಕಳಚಿಕೊಂಡು ಶ್ವಾಸಕೋಶದತ್ತ ಹರಿಯಬಹುದೆಂದು ಆಮೇಲೆ ತಿಳಿಯಿತು. ಪಾದ ತಣ್ಣಗಾಗುತ್ತದೆಂದು ಅವರು ಹಗಲಿನಲ್ಲೂ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಮರುದಿನ ಬಿಚ್ಚಿದಾಗ ಬಲಗಾಲಿನಲ್ಲಿ ರಬ್ಬರಿನ ಗುರುತು ಬಳೆಯ ಹಾಗೆ ಆಳವಾಗಿ ಕೂತಿತ್ತು, ಎಡಗಾಲಿನಲ್ಲಿ ಗುರುತೇ ಇರಲಿಲ್ಲ. ಹೊಲಿಗೆ ಪೆಟ್ಟಿಗೆಯ ಟೇಪು ತಂದು ಎರಡೂ ಕಾಲುಗಳನ್ನು ಒಂದೇ ಮಟ್ಟದಲ್ಲಿ ಅಳೆದೆ: ಬಲಗಾಲು 38 ಸೆಂಟಿಮೀಟರ್, ಎಡಗಾಲು ಮೂವತ್ತನಾಲ್ಕೂವರೆ. ಸಂಜೆಯೊಳಗೆ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಯಿತು, ಒಳಗಿನ ಅಭಿಧಮನಿಯಲ್ಲಿ ಹೆಪ್ಪು ಕಂಡಿತು. ಮೂರು ತಿಂಗಳು ಮಾತ್ರೆ ನಡೆಯಿತು, ಈಗ ಚೆನ್ನಾಗಿದ್ದಾರೆ. ನಾನು ಅಳೆದದ್ದು ಅಂದಾಜಿನಿಂದ. ಮಂಡಿಯ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಅಳೆಯಬೇಕು, ಎರಡು ಕಾಲುಗಳ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಅದನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ.

ಜ್ವರಕ್ಕೂ ಹೆಪ್ಪಿಗೂ ಏನು ಸಂಬಂಧವೆಂದು ನಾನೂ ನಮ್ಮ ವೈದ್ಯರನ್ನು ಕೇಳಿದ್ದೆ. ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುವುದು ಎಂಬ ಮೂರು ಕಾರಣಗಳನ್ನು ಅವರು ಹೇಳಿದರು. ಈ ಮೂರರ ಗುಂಪಿಗೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಅವರ ಹೆಸರಿದೆ. ಅವರು ಹುಟ್ಟಿದ ಅಕ್ಟೋಬರ್ 13ನ್ನೇ ಈಗ ವಿಶ್ವ ಥ್ರಾಂಬೋಸಿಸ್ (ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ) ದಿನವೆಂದು ಆಚರಿಸುತ್ತಾರೆ. ವೈರಸ್ ಸೋಂಕು ಶ್ವಾಸಕೋಶಕ್ಕಿಳಿದು ಹಾಸಿಗೆ ಹಿಡಿದವರಲ್ಲಿ ಈ ಮೂರೂ ಒಟ್ಟಿಗೆ ಕೂಡುತ್ತವೆ. ಮಲಗಿಯೇ ಇರುವುದರಿಂದ ಕಾಲಿನ ರಕ್ತ ಮೇಲೇರುವುದು ನಿಧಾನವಾಗುತ್ತದೆ, ಉರಿಯೂತ ರಕ್ತನಾಳದ ಒಳಪದರವನ್ನು ಕೆಣಕುತ್ತದೆ, ಯಕೃತ್ತು ಫೈಬ್ರಿನೋಜನ್‌ನಂಥ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಜ್ವರದಿಂದ ಮೈಯ ನೀರು ಇಂಗಿದ್ದರೆ ಇನ್ನೂ ಕಷ್ಟ. ಕೋವಿಡ್‌ನಲ್ಲಿ ಇದು ಎಷ್ಟು ಜೋರಾಗಿತ್ತೆಂದರೆ, 2020ರಲ್ಲಿ ನೆದರ್ಲೆಂಡ್ಸ್‌ನ ತೀವ್ರ ನಿಗಾ ಘಟಕಗಳ 184 ರೋಗಿಗಳನ್ನು ಗಮನಿಸಿದಾಗ, ಹೆಪ್ಪು ತಡೆಯುವ ಔಷಧಿ ನಡೆಯುತ್ತಿದ್ದರೂ ಶೇಕಡ 31ರಷ್ಟು ಮಂದಿಗೆ ಹೆಪ್ಪಿನ ತೊಂದರೆ ಕಾಣಿಸಿತ್ತು. ಫ್ಲೂ ಅಷ್ಟು ತೀವ್ರವಲ್ಲದಿದ್ದರೂ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಪರೀಕ್ಷೆಯಲ್ಲಿ ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಏರುತ್ತದೆಂದು 2018ರಲ್ಲಿ ಕೆನಡಾದ ಅಧ್ಯಯನವೊಂದು ತೋರಿಸಿತು. ಎಚ್‌1ಎನ್‌1ನಿಂದ ಭಾರತದ ಮೊದಲ ಸಾವು 2009ರ ಆಗಸ್ಟ್‌ನಲ್ಲಿ ನಮ್ಮ ಪುಣೆಯಲ್ಲೇ ಆದದ್ದು. ಆ ಜ್ವರದ ಹೆಸರು ಕೇಳಿದರೆ ಇಲ್ಲಿಯವರು ಇಂದಿಗೂ ಅಂಜುತ್ತಾರೆ. ಆದರೆ ಅದರ ಹಿಂದೆ ಬರಬಹುದಾದ ಹೆಪ್ಪಿನ ಬಗ್ಗೆ ಮಾತನಾಡುವವರು ಬಹಳ ಕಡಿಮೆ.

ಮುಲುಂಡ್‌ನಿಂದ:

ಮುಂಬಯಿಯ ಆಸ್ಪತ್ರೆಗಳಲ್ಲಿ ಇಪ್ಪತ್ತಾರು ವರ್ಷ ಸ್ಟಾಫ್ ನರ್ಸ್ ಆಗಿದ್ದೆ, ಈಗ ನಿವೃತ್ತಳು. ಮೇಲೆ ಅಕ್ಕ ಬರೆದುದಕ್ಕೆ ಕೆಲವು ಮಾತು ಸೇರಿಸುತ್ತೇನೆ.

‘ರಕ್ತ ತೆಳುವಾಗಿಸುವ’ ಎಂಬ ಮಾತೇ ಮನೆಯವರನ್ನು ಹೆದರಿಸುತ್ತದೆ. ಆ ಚುಚ್ಚುಮದ್ದು ಬಹುಶಃ ಎನಾಕ್ಸಪರಿನ್, ಅಂದರೆ ಹೆಪಾರಿನ್ ಜಾತಿಯ ಔಷಧಿ. ಅದರಿಂದ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕಲು ನಮ್ಮ ದೇಹದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಅದು ಬಲ ಕೊಡುತ್ತದೆ. ಮುಂಜಾಗ್ರತೆಗಾಗಿ ಸಾಮಾನ್ಯವಾಗಿ ದಿನಕ್ಕೊಮ್ಮೆ 40 ಮಿಲಿಗ್ರಾಂ ಕೊಡುತ್ತಾರೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸುತ್ತಾರೆ. ಸೋಂಕು, ಉಸಿರಾಟದ ತೊಂದರೆ ಮುಂತಾದವುಗಳಿಂದ ಹಾಸಿಗೆ ಹಿಡಿದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಪ್ರಮಾಣದಿಂದ ಅಭಿಧಮನಿಗಳ ಹೆಪ್ಪು ಶೇಕಡ 14.9ರಿಂದ 5.5ಕ್ಕೆ ಇಳಿದಿತ್ತು. ಅವುಗಳಲ್ಲಿ ಬಹಳಷ್ಟು ಹೆಪ್ಪುಗಳು ರೋಗಿಯ ಅರಿವಿಗೇ ಬಾರದೆ ಪರೀಕ್ಷೆಯಿಂದ ಮಾತ್ರ ಪತ್ತೆಯಾದವು ಎಂಬುದನ್ನೂ ಹೇಳಬೇಕು.

ಚಿಕ್ಕಪ್ಪನವರ ಅಂಜಿಕೆ ಪೂರ್ತಿ ತಪ್ಪೇನಲ್ಲ. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗುತ್ತಿದ್ದರೆ, ಇತ್ತೀಚೆಗೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಪ್ಲೇಟ್‌ಲೆಟ್ ತೀರಾ ಕೆಳಗಿದ್ದರೆ ಇದನ್ನು ಕೊಡುವುದಿಲ್ಲ. ಆಗ ಕಾಲನ್ನು ಹಿಂಡಿ ಬಿಡುವ ಗಾಳಿಪಟ್ಟಿ ಕಟ್ಟುತ್ತಾರೆ. ಮಳೆಗಾಲದಲ್ಲಿ ನಿಮ್ಮಲ್ಲೂ ನಮ್ಮಲ್ಲೂ ಫ್ಲೂ ಮತ್ತು ಡೆಂಗ್ಯೂ ಒಟ್ಟಿಗೇ ಓಡಾಡುತ್ತವೆ, ಆದ್ದರಿಂದ ಪ್ಲೇಟ್‌ಲೆಟ್ ಎಷ್ಟಿದೆಯೆಂದು ಧೈರ್ಯವಾಗಿ ಕೇಳಿ. ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಕುಸಿಯುವ ಅಪರೂಪದ ತೊಂದರೆಯೊಂದಿದೆ, ಅದು ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದೊಳಗೆ ಕಾಣಿಸುತ್ತದೆ. ನಿಮ್ಮ ತಂದೆಯವರು ಈಗ ಅದೇ ಅವಧಿಯಲ್ಲಿದ್ದಾರೆ.

ಹೊಟ್ಟೆಯ ಮೇಲೆ ನೇರಳೆ ಬಣ್ಣದ ಕಲೆಗಳು ಕಂಡರೆ ಗಾಬರಿಯಾಗಬೇಡಿ, ಅವು ಮಾಯುತ್ತವೆ. ಚುಚ್ಚಿದ ಜಾಗವನ್ನು ಉಜ್ಜಿದರೆ ಕಲೆ ಹೆಚ್ಚುತ್ತದೆ. ಎಷ್ಟೋ ಮನೆಯವರು ಪ್ರೀತಿಯಿಂದ ಉಜ್ಜಿಬಿಡುತ್ತಾರೆ. ಮನೆಯಲ್ಲಿ ಕೊಡುವ ಪ್ರಸಂಗ ಬಂದರೆ ಹೊಕ್ಕುಳಿನಿಂದ ಎರಡು ಅಂಗುಲ ಬಿಟ್ಟು, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಕೊಡಬೇಕು. ತುಂಬಿಸಿಯೇ ಬರುವ ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬಾರದು. ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಈ ಔಷಧಿಯನ್ನು ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಆಚಾರದ ಕಾರಣಕ್ಕೆ ಇದನ್ನು ಒಪ್ಪದ ಮನೆಯವರು ಸುಮ್ಮನೆ ನಿರಾಕರಿಸುವ ಬದಲು ವೈದ್ಯರಿಗೆ ಹೇಳಲಿ, ಪ್ರಾಣಿಮೂಲವಲ್ಲದ ಫಾಂಡಪರಿನಕ್ಸ್ ಎಂಬ ಔಷಧಿಯೂ ಇದೆ.

ಇನ್ನು ಡಿ-ಡೈಮರ್. ಹೆಪ್ಪು ಕರಗಿದಾಗ ಉಳಿಯುವ ಚೂರುಗಳನ್ನು ಅದು ಅಳೆಯುತ್ತದೆ, ನಿಜ. ಆದರೆ ಸೋಂಕಿನಿಂದಲೇ ಅದು ಏರುತ್ತದೆ, ವಯಸ್ಸಾದಂತೆಯೂ ಏರುತ್ತದೆ. 1,450 ಎಂಬ ಸಂಖ್ಯೆಯೊಂದರಿಂದಲೇ ಹೆಪ್ಪು ಇದೆಯೆಂದು ಹೇಳಲಾಗದು. ಕೋವಿಡ್ ಕಾಲದಲ್ಲಿ ಈ ಸಂಖ್ಯೆ ನೋಡಿಯೇ ಮೆಡಿಕಲ್ ಅಂಗಡಿಯಿಂದ ಹೆಪ್ಪು ತಡೆಯುವ ಮಾತ್ರೆ ತಂದು ನುಂಗಿ, ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಕರೀ ಮಲ ಹೋಗಿ ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ, ಅವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬುದೂ ಸರಿಯಲ್ಲ. 2021ರಲ್ಲಿ ಬಂದ ದೊಡ್ಡ ಪರೀಕ್ಷೆಗಳಲ್ಲಿ ಪೂರ್ಣ ಪ್ರಮಾಣದ ಹೆಪಾರಿನ್ ಸಾಮಾನ್ಯ ವಾರ್ಡಿನ ಕೋವಿಡ್ ರೋಗಿಗಳಿಗೆ ನೆರವಾಯಿತು, ತೀವ್ರ ನಿಗಾ ಘಟಕದವರಿಗೆ ನೆರವಾಗಲಿಲ್ಲ.

ಬಿಡುಗಡೆಯ ದಿನ ಹೆಪ್ಪು ತಡೆಯುವ ಔಷಧಿ ಮನೆಯಲ್ಲೂ ಬೇಕೆ, ಬೇಡವಾದರೆ ಯಾಕೆ ಬೇಡ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬ್ರೆಜಿಲ್‌ನಲ್ಲಿ ಅಪಾಯ ಹೆಚ್ಚಿದ್ದ 320 ಕೋವಿಡ್ ರೋಗಿಗಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಬಿಡುಗಡೆಯ ನಂತರ 35 ದಿನ ರಿವರಾಕ್ಸಬಾನ್ ಎಂಬ ಹೆಪ್ಪು ತಡೆಯುವ ಮಾತ್ರೆ 10 ಮಿಲಿಗ್ರಾಂ ಕೊಟ್ಟಾಗ ಹೆಪ್ಪಿನ ಅನಾಹುತಗಳು ಶೇಕಡ 9ರಿಂದ 3ಕ್ಕೆ ಇಳಿದವು. ಹಿಂದೆ ಹೆಪ್ಪು ಆಗಿದ್ದವರು, ಕ್ಯಾನ್ಸರ್ ಇರುವವರು, ಎದ್ದು ನಡೆಯಲಾಗದವರು ಇದ್ದರೆ ಈ ಪ್ರಶ್ನೆಯನ್ನು ಬಿಡಲೇಬಾರದು. ಎದ್ದು ಕೂರಲು ವೈದ್ಯರು ಒಪ್ಪಿದ ಕ್ಷಣದಿಂದ ದಿನಕ್ಕೆ ನಾಲ್ಕಾರು ಸಲ ವಾರ್ಡಿನಲ್ಲೇ ನಡೆಸಿ. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ.

ವಾಸ್ಕೋದಿಂದ:

ನಮ್ಮ ತಾಯಿಯವರಿಗೆ ಕಾಲು ಊದಿಕೊಳ್ಳಲೇ ಇಲ್ಲ, ಆದ್ದರಿಂದ ಕಾಲನ್ನಷ್ಟೇ ನೋಡುತ್ತಾ ಕೂರಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ಫ್ಲೂ ವಾಸಿಯಾಗಿ ಮನೆಗೆ ಬಂದು ಮೂರನೆಯ ವಾರ, ಬೆಳಿಗ್ಗೆ ಬಚ್ಚಲಿನಿಂದ ಹೊರಬಂದವರು ಬಾಗಿಲಿನ ಚೌಕಟ್ಟು ಹಿಡಿದು ನಿಂತುಬಿಟ್ಟರು. ಒಂದು ಮಾತು ಮುಗಿಸುವಷ್ಟು ಉಸಿರಿರಲಿಲ್ಲ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತದೆ ಎಂದು ಕೈಸನ್ನೆ ಮಾಡಿದರು, ನಾಡಿ 120ರ ಮೇಲಿತ್ತು. ಕಫ ಕಟ್ಟಿರಬೇಕೆಂದು ಅತ್ತಿಗೆಯವರು ಕಷಾಯಕ್ಕೆ ನೀರಿಟ್ಟರು. ಪಕ್ಕದ ಮನೆಯ ಹುಡುಗ ಕಾಯದೆ 108ಕ್ಕೆ ಫೋನ್ ಮಾಡಿದ. ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಟಿ ಆಂಜಿಯೋಗ್ರಫಿ ಮಾಡಿದಾಗ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು, ಆ ರಾತ್ರಿಯೇ ಚಿಕಿತ್ಸೆ ಶುರುವಾಯಿತು. ಇದ್ದಕ್ಕಿದ್ದಂತೆ ಏರುವ ಉಸಿರಾಟದ ತೊಂದರೆ, ಉಸಿರಿನ ಜೊತೆ ಬರುವ ಎದೆನೋವು, ಕೆಮ್ಮಿನಲ್ಲಿ ರಕ್ತ, ಕಣ್ಣುಕತ್ತಲೆ ಬಂದು ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 108 ಪುಣೆಯಲ್ಲೂ ಇದೆ. ಮನೆಗೆ ಬಂದ ಮೇಲೆ ಮೂರು ತಿಂಗಳವರೆಗಾದರೂ ಇದು ಮನೆಯ ಎಲ್ಲರಿಗೂ ಗೊತ್ತಿರಲಿ, ಹಗಲು ತಂದೆಯವರ ಹತ್ತಿರ ಒಬ್ಬರೇ ಇರುವವರಿಗೆ ಮೊದಲು ಹೇಳಿ.